ಸ್ಕ್ಯಾನ್ ಪುಸ್ತಕ ಓದೋಕೆ ಯಾವ ಪರದೆ?

ಹತ್ತು–ಹನ್ನೆರಡು ಸಾವಿರಕ್ಕೆ ಬೆಂಗಳೂರಿನ ಎಸ್‌ಪಿ ರೋಡಲ್ಲಿ 8 ಇಂಚಿನ ಟ್ಯಾಬ್ ಸಿಗುತ್ತೆ. 7 ಇಂಚಿನ ಇ-ರೀಡರ್ ಕಿಂಡಲ್ ಪೇಪರ್‌ವೈಟ್ 2025ರಲ್ಲಿ ಭಾರತಕ್ಕೆ ಬಂದಾಗ 16,999 ರೂಪಾಯಿ ಇತ್ತು. ಬೆಲೆ ನೋಡೋಕೆ ಮುಂಚೆ ಓದೋದು ಏನು ಅಂತ ನೋಡಿ.

ಕನ್ನಡದ ಹಳೇ ಪುಸ್ತಕ ಅಂದ್ರೆ ಹೆಚ್ಚಾಗಿ ಸ್ಕ್ಯಾನ್ ಪಿಡಿಎಫ್. ಇಡೀ ಪುಟವೇ ಒಂದು ಚಿತ್ರ, ಅಕ್ಷರ ಮಾತ್ರ ದೊಡ್ಡದು ಮಾಡೋಕಾಗಲ್ಲ. ಡೆಮಿ 1/8 ಅನ್ನೋ ಸಾಮಾನ್ಯ ಪುಸ್ತಕದ ಅಳತೆಯಲ್ಲಿ ಪುಟದ ಅಗಲ 5.5 ಇಂಚು, ಎತ್ತರ 8.5. ಪೇಪರ್‌ವೈಟ್ ಪರದೆಯ ಎತ್ತರ ಸುಮಾರು 5.6 ಇಂಚು. ಹಾಗಾಗಿ ಅಕ್ಷರ ಮೂರರಲ್ಲಿ ಎರಡು ಪಾಲಿಗೆ ಕುಗ್ಗುತ್ತೆ, ಮೊದಲು ಹೋಗೋದು ಒತ್ತಕ್ಷರ. ಪರದೆ ಅಡ್ಡ ತಿರುಗಿಸಿ: ಪುಟದ ಅಗಲ ಸರಿಯಾಗಿ ಕೂರುತ್ತೆ, ಅಕ್ಷರ ಅಚ್ಚಿನ ಅಳತೆಗೇ ಬರುತ್ತೆ, ಒಂದು ಪುಟ ಎರಡು ಸಲಕ್ಕೆ ಮುಗಿಯುತ್ತೆ. ಹಳದಿ ಹಾಳೆ ಇ-ಇಂಕ್‌ನಲ್ಲಿ (ಪೇಪರ್‌ವೈಟ್‌ನ ಕಾಗದದಂಥ ಕಪ್ಪು-ಬಿಳುಪು ಪರದೆ) ಬೂದು ಬಣ್ಣವಾಗಿ ಕಾಣುತ್ತೆ, ಫೈಲನ್ನ ಮೊದಲೇ ಕಪ್ಪು-ಬಿಳುಪು ಮಾಡಿಕೊಂಡರೆ ಒಳ್ಳೇದು.

ಟ್ಯಾಬ್‌ನಲ್ಲಿ ಸುತ್ತಲ ಖಾಲಿ ಅಂಚು ಕತ್ತರಿಸಿದ್ರೆ ಪುಟ ನೆಟ್ಟಗೇ ಹಿಡಿಸುತ್ತೆ. ಆದ್ರೆ 1280×800 ಪಿಕ್ಸೆಲ್ ಪರದೆಯಲ್ಲಿ ಇಂಚಿಗೆ ಸುಮಾರು 189 ಪಿಕ್ಸೆಲ್, ಪೇಪರ್‌ವೈಟ್‌ನಲ್ಲಿ 300. ಒತ್ತಕ್ಷರದ ಅಂಚು ಮಸುಕಾಗೋದು ಇಲ್ಲೇ. ಮೇಲ್ಸೇತುವೆ ಮೇಲಿನ ಮೆಟ್ರೋದಲ್ಲಿ ಬಿಸಿಲು ಬಿದ್ದರೆ ಹೊಳೆಯೋ ಗಾಜಲ್ಲಿ ಓದೋಕೇ ಆಗಲ್ಲ, ಇ-ಇಂಕ್ ಬಿಸಿಲಲ್ಲೇ ಚೆನ್ನ.

ಅಜ್ಜಿ-ತಾತಂದಿರ ಕಾಲದ ಇಷ್ಟೊಂದು ಪುಸ್ತಕ ಇನ್ನೂ ಚಿತ್ರವಾಗೇ ಉಳಿದಿರೋದು ನಿಜಕ್ಕೂ ಸಂಕಟ. ಇಪಬ್ (ಅಕ್ಷರ ಹಿಗ್ಗಿಸಬಹುದಾದ ಇ-ಪುಸ್ತಕದ ಫೈಲು) ಸಿಗೋ ಕಾದಂಬರಿಗಳನ್ನ ಗಂಟೆಗಟ್ಟಲೆ ಓದೋರು ಇ-ರೀಡರ್ ತಗೊಳ್ಳಿ. ಬರೀ ಸ್ಕ್ಯಾನ್ ಓದೋರಿಗೆ 1920×1200 ಪಿಕ್ಸೆಲ್ ಟ್ಯಾಬ್ ಸಾಕು, ಅದಕ್ಕಿಂತ ಕಡಿಮೆದು ಬೇಡ.