ಸಂಗೀತಗಾರರ ಆತ್ಮಕಥೆಗಳು: ಓದು ಎಲ್ಲಿಗೆ ಬಂತು

ಎಲ್ವಿಸ್ ಪ್ರೀಸ್ಲಿಯ ಜೀವನಚರಿತ್ರೆಯ ಮೊದಲ ಸಂಪುಟ ಮುಗಿದಿದೆ. ಬೀಟಲ್ಸ್ 1962ರ ಕೊನೆಗೆ ಬಂದು ನಿಂತಿದೆ. ರೋಲಿಂಗ್ ಸ್ಟೋನ್ಸ್ ತಂಡದ ಗಿಟಾರ್ ವಾದಕ ಕೀತ್ ರಿಚರ್ಡ್ಸ್ ಪುಸ್ತಕ ಅರ್ಧದಲ್ಲಿದ್ದರೆ, ಜಾಝ್ ಗಾಯಕಿ ಬಿಲಿ ಹಾಲಿಡೇ ಪುಸ್ತಕ ಎರಡನೇ ಓದಿಗೆ ಕಾದಿದೆ. ಓದುವ ಕ್ರಮ ಇದು: ಆತ್ಮಕಥೆ ಇದ್ದರೆ ಅದು, ಜೊತೆಗೆ ದಾಖಲೆ ನೋಡಿ ಬರೆದ ಒಂದು ಜೀವನಚರಿತ್ರೆ, ಪಕ್ಕದಲ್ಲಿ ರೆಕಾರ್ಡಿಂಗ್ ದಿನಾಂಕಗಳ ಪಟ್ಟಿ. ಕಲಾವಿದರು ತಮ್ಮ ಕೈಕೆಲಸದ ಬಗ್ಗೆ ಹೇಳುವುದನ್ನು ಬಹುಮಟ್ಟಿಗೆ ನಂಬಬಹುದು. ತಾರೀಖು, ಊರು, ಯಾರು ಮೊದಲು ಎಂಬ ಪ್ರಶ್ನೆ ಬಂದ ಕೂಡಲೇ ಎರಡನೇ ಸಾಕ್ಷಿ ಬೇಕೇ ಬೇಕು.

ಟಿಪ್ಪಣಿ ಕಾರ್ಡಿನಲ್ಲಿ ಐದು ಅಂಕಣ: ಘಟನೆ ನಡೆದ ದಿನ, ಸ್ಥಳ, ಹೇಳಿದವರು, ಹೇಳಿದ ವರ್ಷ, ಪುಟ. ಇವುಗಳಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ನಾಲ್ಕನೆಯದು. ಘಟನೆಗೂ ಹೇಳಿಕೆಗೂ ನಡುವೆ ಮೂವತ್ತು ವರ್ಷದ ಅಂತರವಿದ್ದರೆ, ಆ ಮಾತು ಅಷ್ಟರಲ್ಲಿ ನೂರು ಸಂದರ್ಶನಗಳಲ್ಲಿ ಉರುಳಿ ನುಣುಪಾಗಿರುತ್ತದೆ. ಇ-ಪುಸ್ತಕದಲ್ಲಿ ಅಕ್ಷರದ ಗಾತ್ರ ಬದಲಿಸಿದರೆ ಪುಟಸಂಖ್ಯೆ ಜಾರುವುದುಂಟು. ಅಲ್ಲಿ ಅಧ್ಯಾಯದ ಹೆಸರು, ಪ್ಯಾರಾದ ಮೊದಲ ಮೂರು ಪದ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಎಲ್ವಿಸ್ ಆತ್ಮಕಥೆ ಬರೆಯಲಿಲ್ಲ. ಹಾಗಾಗಿ ಪೀಟರ್ ಗುರಾಲ್ನಿಕ್ ಬರೆದ ಎರಡು ಸಂಪುಟಗಳೇ ಆಧಾರ: 1994ರ 'ಲಾಸ್ಟ್ ಟ್ರೈನ್ ಟು ಮೆಂಫಿಸ್', 1999ರ 'ಕೇರ್‌ಲೆಸ್ ಲವ್'. ಮೊದಲನೆಯದು 1958ಕ್ಕೆ ನಿಲ್ಲುತ್ತದೆ. 1953ರ ಬೇಸಿಗೆಯಲ್ಲಿ ಹುಡುಗ ಎಲ್ವಿಸ್ ಮೆಂಫಿಸ್‌ನ ಸ್ಟುಡಿಯೋಗೆ ಹೋಗಿ, ಕೈಯಿಂದ ದುಡ್ಡು ಕೊಟ್ಟು ಎರಡು ಹಾಡು ಮುದ್ರಿಸಿಕೊಂಡದ್ದು ಎಲ್ಲರಿಗೂ ಗೊತ್ತಿರುವ ಕಥೆ. ಅದು ಅಮ್ಮನ ಹುಟ್ಟುಹಬ್ಬದ ಉಡುಗೊರೆ ಎಂಬುದೂ ಅಷ್ಟೇ ಪ್ರಸಿದ್ಧ. ಆದರೆ ತಾಯಿ ಗ್ಲಾಡಿಸ್ ಹುಟ್ಟಿದ್ದು ಏಪ್ರಿಲ್ 25ರಂದು, ಕ್ಯಾಲೆಂಡರೇ ಒಪ್ಪುವುದಿಲ್ಲ. ಅಂದು ರೆಕಾರ್ಡಿಂಗ್ ಯಂತ್ರ ನಡೆಸಿದವರು ಯಾರು ಎಂಬುದರಲ್ಲೂ ಸ್ಟುಡಿಯೋ ಮಾಲೀಕ ಸ್ಯಾಮ್ ಫಿಲಿಪ್ಸ್ ಮತ್ತು ಅವರ ಸಹಾಯಕಿ ಮೇರಿಯನ್ ಕೀಸ್ಕರ್ ಹೇಳಿಕೆಗಳು ತಾಳೆಯಾಗುವುದಿಲ್ಲ. ಇಂಥ ಕಡೆ ಗೆಲುವು ಯಾರದೆಂದು ತೀರ್ಮಾನಿಸದೆ ಎರಡು ಕಾರ್ಡ್ ಬರೆದು ಒಟ್ಟಿಗೆ ಪಿನ್ ಹಾಕುವುದೇ ಸರಿ.

ಬೀಟಲ್ಸ್ ಭಾಗಕ್ಕೆ ಹೆಚ್ಚು ಸಮಯ ಬೇಕು, ಅದು ಸಾರ್ಥಕವೂ ಹೌದು. ಮಾರ್ಕ್ ಲೂಯಿಸನ್ ಅವರ 'ಟ್ಯೂನ್ ಇನ್' (2013) ದಪ್ಪ ಪುಸ್ತಕವಾದರೂ 1962 ದಾಟುವುದಿಲ್ಲ. ಜೊತೆಗೆ ಅವರದೇ 1988ರ ರೆಕಾರ್ಡಿಂಗ್ ದಿನಚರಿ ಇಟ್ಟುಕೊಳ್ಳಬೇಕು. ಅದರ ಉಪಯೋಗ 'ಲವ್ ಮಿ ಡೂ' ಒಂದರಲ್ಲೇ ಗೊತ್ತಾಗುತ್ತದೆ. ಲಂಡನ್‌ನ ಇಎಂಐ ಸ್ಟುಡಿಯೋದಲ್ಲಿ ಈ ಹಾಡು ಮೂರು ಸಲ ಮುದ್ರಣವಾಯಿತು: 1962ರ ಜೂನ್ 6ರಂದು ಡ್ರಮ್ಸ್‌ಗೆ ಆಗಿನ ಡ್ರಮ್ಮರ್ ಪೀಟ್ ಬೆಸ್ಟ್, ಸೆಪ್ಟೆಂಬರ್ 4ರಂದು ಅವರ ಜಾಗಕ್ಕೆ ಬಂದ ರಿಂಗೋ, ಸೆಪ್ಟೆಂಬರ್ 11ರಂದು ಬಾಡಿಗೆ ಡ್ರಮ್ಮರ್ ಆ್ಯಂಡಿ ವೈಟ್. ಆ ಕೊನೆಯ ದಿನ ಈ ಹಾಡಿಗೆ ರಿಂಗೋ ಕೈಗೆ ಸಿಕ್ಕಿದ್ದು ಟ್ಯಾಂಬರಿನ್ (ಕೈಯಲ್ಲಿ ಹಿಡಿದು ಅಲ್ಲಾಡಿಸುವ ಗಿಲಕಿ ವಾದ್ಯ) ಮಾತ್ರ. ಟ್ಯಾಂಬರಿನ್ ಕೇಳಿಸಿದರೆ ಆ್ಯಂಡಿ ವೈಟ್ ನುಡಿಸಿದ್ದು. ಇಲ್ಲದಿದ್ದರೆ ರಿಂಗೋ ಅಥವಾ ಪೀಟ್. ಅಕ್ಟೋಬರ್ 5ರಂದು ಬಂದ ಮೊದಲ ಸಿಂಗಲ್‌ನಲ್ಲಿರುವುದು ರಿಂಗೋ ಡ್ರಮ್ಸ್, 1963ರ ಮೊದಲ ಆಲ್ಬಂನಲ್ಲಿರುವುದು ವೈಟ್. ಪೀಟ್ ಬೆಸ್ಟ್ ನುಡಿಸಿದ್ದು 1995ರ 'ಆಂಥಾಲಜಿ 1'ರಲ್ಲಿ ಸಿಗುತ್ತದೆ. ರಿಂಗೋಗಾದ ಅವಮಾನದ ಬಗ್ಗೆ ಓದುವ ಮೊದಲೇ ಮೂರನ್ನೂ ಸಾಲಾಗಿ ಕೇಳಬೇಕು. ಪೀಟ್ ನಡುವೆ ಲಯ ಬದಲಿಸುವಾಗ ತಡವರಿಸುವುದು ಕಿವಿಗೇ ಸಿಗುತ್ತದೆ, ನಿರ್ಮಾಪಕರ ಅನುಮಾನ ಎಲ್ಲಿಂದ ಬಂತು ಎಂದು ಬೇರೆ ಯಾರೂ ವಿವರಿಸಬೇಕಿಲ್ಲ. ಇಲ್ಲಿ ತೊಂದರೆಯಾಗುವುದು ಸ್ಟ್ರೀಮಿಂಗ್‌ನಿಂದ: ಹಾಡಿನ ಹೆಸರು ಹುಡುಕಿದರೆ ಸಾಮಾನ್ಯವಾಗಿ ಆಲ್ಬಂನದೇ ಬರುತ್ತದೆ. ರಿಂಗೋ ನುಡಿಸಿದ್ದು ಬೇಕಿದ್ದರೆ 'ಪಾಸ್ಟ್ ಮಾಸ್ಟರ್ಸ್' ಸಂಕಲನದಲ್ಲಿ ಸಿಗುತ್ತದೆ.

ಕೀತ್ ರಿಚರ್ಡ್ಸ್ ಅವರ 'ಲೈಫ್' (2010, ಜೊತೆ ಲೇಖಕ ಜೇಮ್ಸ್ ಫಾಕ್ಸ್) ಓದುವಾಗ ಗಿಟಾರ್ ಕೈಯಲ್ಲಿರಲಿ. ಪುಸ್ತಕದ ಜೀವಾಳ ಐದು ತಂತಿಯ ಓಪನ್ ಜಿ ಶ್ರುತಿ, ಅಂದರೆ ಬೆರಳಿಡದೆ ಮೀಟಿದರೂ ಜಿ ಸ್ವರಮೇಳವೇ ಬರುವ ಶ್ರುತಿ. ಎಲ್ಲಕ್ಕಿಂತ ದಪ್ಪನೆಯ ಆರನೇ ತಂತಿಯನ್ನು ಬಿಚ್ಚಿಡಿ. ಐದನೆಯದನ್ನು ಎ ಇಂದ ಜಿಗೆ, ಮೊದಲನೆಯದನ್ನು ಇ ಇಂದ ಡಿಗೆ ಇಳಿಸಿ. ಉಳಿದ ಮೂರನ್ನು ಮುಟ್ಟಬೇಡಿ. ದಪ್ಪ ತಂತಿಯಿಂದ ಶುರುಮಾಡಿದರೆ ಜಿ, ಡಿ, ಜಿ, ಬಿ, ಡಿ ಬರಬೇಕು. ಮೊದಲ ತಂತಿಯನ್ನು ಇಳಿಸುವ ಬದಲು ಮೇಲಿನ ಜಿವರೆಗೆ ಬಿಗಿಯಲು ಹೋದರೆ ಅದು ತುಂಡಾಗುವುದೇ ಹೆಚ್ಚು. ಈಗ ಐದನೇ ಫ್ರೆಟ್ಟಿನ (ಗಿಟಾರಿನ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಮೇಲೆ ಒಂದು ಬೆರಳು ಅಡ್ಡ ಇಟ್ಟರೆ ಸಿ ಸ್ವರಮೇಳ, ಏಳರಲ್ಲಿ ಡಿ. ಆರನೇ ತಂತಿ ತೆಗೆದದ್ದೇಕೆ ಎಂಬುದೂ ಆಗ ಕೇಳಿಸುತ್ತದೆ: ಅದಿದ್ದರೆ ತಳದಲ್ಲಿ ಡಿ ಸ್ವರ ಗುಂಯ್‌ಗುಡುತ್ತದೆ, ತೆಗೆದರೆ ಸ್ವರಮೇಳದ ಮೂಲಸ್ವರವೇ ತಳಕ್ಕೆ ಬರುತ್ತದೆ. ಇದನ್ನು ಹತ್ತು ನಿಮಿಷ ನುಡಿಸಿ ಆಮೇಲೆ 1969ರ 'ಹಾಂಕಿ ಟಾಂಕ್ ವಿಮೆನ್' ಕೇಳಿದರೆ ಆ ಪುಟಗಳೆಲ್ಲ ತೆರೆದುಕೊಳ್ಳುತ್ತವೆ.

ಬಿಲಿ ಹಾಲಿಡೇ ಅವರ 1956ರ ಆತ್ಮಕಥೆಯ ನಿರೂಪಣೆ ವಿಲಿಯಂ ಡಫ್ಟಿ ಅವರದು. ಹುಟ್ಟೂರು ಬಾಲ್ಟಿಮೋರ್, ತಂದೆತಾಯಿ ಮದುವೆಯಾಗಿದ್ದವರು ಎಂದು ಪುಸ್ತಕ ಹೇಳುತ್ತದೆ. ದಾಖಲೆಯ ಪ್ರಕಾರ ಹುಟ್ಟಿದ್ದು 1915ರಲ್ಲಿ, ಫಿಲಡೆಲ್ಫಿಯಾದಲ್ಲಿ. ಅಪ್ಪ ಅಮ್ಮ ಮದುವೆಯಾಗಿರಲಿಲ್ಲ. ಇದಕ್ಕಾಗಿ ಪುಸ್ತಕವನ್ನು ಪಕ್ಕಕ್ಕಿಡುವುದು ದೊಡ್ಡ ಅನ್ಯಾಯ. ತನ್ನ ಬಾಲ್ಯ ಹೀಗಿರಬೇಕಿತ್ತು ಎಂದು ಒಬ್ಬ ಗಾಯಕಿ ಬಯಸಿದ್ದೂ ಅವಳ ಜೀವನಚರಿತ್ರೆಯ ಭಾಗವೇ. ಅಂಥವನ್ನು ಬೇರೆ ಬಣ್ಣದ ಕಾರ್ಡಿನಲ್ಲಿ ಬರೆಯುವುದು ಎರಡನೇ ಓದಿನ ಕೆಲಸ.

ಮುಂದಿನದು ಬಾಬ್ ಡಿಲನ್ ಅವರ 'ಕ್ರಾನಿಕಲ್ಸ್' (2004). ಅದು 1961ರ ನ್ಯೂಯಾರ್ಕ್‌ನಲ್ಲಿ ಶುರುವಾಗಿ, 1970ರ ಆಸುಪಾಸಿಗೆ ಜಿಗಿದು, ಅಲ್ಲಿಂದ ಎಂಬತ್ತರ ದಶಕದ ಕೊನೆಯ ನ್ಯೂ ಆರ್ಲಿಯನ್ಸ್‌ಗೆ ಹೋಗಿ, ಮತ್ತೆ ಹಿಂದಕ್ಕೆ ಬರುತ್ತದೆ. ಅತಿ ಹೆಚ್ಚು ಹೆಸರು ತಂದ 1965-66ರ ರೆಕಾರ್ಡುಗಳ ಕಥೆ ಅದರಲ್ಲಿ ಹುಡುಕಿದರೆ ಸಿಗದು. ಮೊದಲ ಓದು ಅಚ್ಚಾದ ಕ್ರಮದಲ್ಲೇ ನಡೆಯಲಿ. ಕಾರ್ಡುಗಳನ್ನು ವರ್ಷವಾರು ಜೋಡಿಸುವುದು ಐದನೇ ಅಧ್ಯಾಯ ಮುಗಿದ ಮೇಲೆ.