ರುಮಾಲಿನ ಬಿಳಿ

ಹಳೆಯ ಭಾವಚಿತ್ರಗಳನ್ನು ನೋಡಿ ತೈಲವರ್ಣದಲ್ಲಿ ಮತ್ತೊಂದು ಪ್ರತಿ ಬರೆದುಕೊಡುವುದು ನನ್ನ ಕೆಲಸ. ಮನೆ ಧಾರವಾಡದಲ್ಲಿ. ಬರುವವರಲ್ಲಿ ಹೆಚ್ಚಿನವರು ಪಾಲಾದ ಅಣ್ಣತಮ್ಮಂದಿರು. ಹೊಲ ಹಂಚಬಹುದು, ಪಡಸಾಲೆಯ ಗೋಡೆಯಲ್ಲಿರುವ ಮುತ್ತಜ್ಜನನ್ನು ಹಂಚಲು ಬರುವುದಿಲ್ಲ. ಅಸಲು ಹಿರಿಯವನ ಮನೆಯಲ್ಲಿ ಉಳಿಯುತ್ತದೆ, ಉಳಿದವರ ಮನೆಗೆ ನಾನು ಬರೆದದ್ದು ಹೋಗುತ್ತದೆ.

ಕೆಲವು ವರ್ಷಗಳ ಹಿಂದೆ ಹುಬ್ಬಳ್ಳಿಯ ಒಂದು ಸಂಸ್ಥೆಯವರು ತಮ್ಮ ದಾನಿಯೊಬ್ಬರ ಚಿತ್ರದ ಪ್ರತಿ ಕೇಳಿದರು. ಮೂರಡಿ ಎತ್ತರದ ಕ್ಯಾನ್ವಾಸ್. ಕಪ್ಪು ಕೋಟು, ಹೆಗಲಿಗೆ ಶಲ್ಯ, ತಲೆಗೆ ರುಮಾಲು. ರುಮಾಲು ಹಳೇ ಬೆಲ್ಲದ ಬಣ್ಣಕ್ಕಿತ್ತು. ಮಣ್ಣಿನ ಹಳದಿಯಾದ ಯೆಲ್ಲೋ ಆಕರ್, ಮಣ್ಣಿನ ಕಂದಾದ ರಾ ಅಂಬರ್, ಒಂದಿಷ್ಟು ಬಿಳಿ ಕಲಸಿ ಅದೇ ಬಣ್ಣ ತಂದೆ. ಎರಡು ತಿಂಗಳು ಹಿಡಿಯಿತು. ನೋಡಿದವರೆಲ್ಲ ಮೆಚ್ಚಿದರು.

ಮರುವರ್ಷ ಅವರು ಅಸಲು ಚಿತ್ರವನ್ನು ಸಂರಕ್ಷಣೆ ಬಲ್ಲವರ ಕೈಯಲ್ಲಿ ಸ್ವಚ್ಛ ಮಾಡಿಸಿದರು. ಹಳದಿಗಟ್ಟಿದ ವಾರ್ನಿಷ್ ಇಳಿದ ಮೇಲೆ ನೋಡಿದರೆ ರುಮಾಲು ಬಿಳಿ! ಅಂಚಿಗೆ ಎಳೆಯಷ್ಟು ಸಣ್ಣ ಕೆಂಪು. ನಾನು ಕಂದು ಬಳಿದಿದ್ದ ಹಿನ್ನೆಲೆ ತಿಳಿ ನೀಲಿ ಬೂದು. ಎರಡನ್ನೂ ಪಕ್ಕಪಕ್ಕ ನಿಲ್ಲಿಸಿ ನನ್ನನ್ನು ಕರೆಸಿದರು. 'ಇಬ್ಬರೂ ಒಬ್ಬರ ಏನ್ರಿ ಸರ?' ಎಂದು ಅಲ್ಲಿಯ ಜವಾನರು ಕೇಳಿದಾಗ ನನ್ನ ಬಾಯಿಂದ ಮಾತು ಹೊರಡಲಿಲ್ಲ. ಎರಡು ತಿಂಗಳು ಕೂತು ಊದಿನಕಡ್ಡಿಯ ಹೊಗೆಯನ್ನು ನಿಷ್ಠೆಯಿಂದ ಬರೆದಿದ್ದೆ. ಆ ಪ್ರತಿಯನ್ನು ವಾಪಸು ತಂದು, ಹೊಸ ಕ್ಯಾನ್ವಾಸ್ ಬಿಗಿದು, ದುಡ್ಡು ತೆಗೆದುಕೊಳ್ಳದೆ ಮತ್ತೆ ಬರೆದುಕೊಟ್ಟೆ.

ನಮ್ಮ ಕಡೆಯ ಭಾವಚಿತ್ರಗಳ ಬಾಳುವೆಯೇ ಬೇರೆ ಎನ್ನುವುದು ನನಗೆ ಆಗ ಸರಿಯಾಗಿ ಅರಿವಿಗೆ ಬಂತು. 1956ರವರೆಗೆ ಇದು ಮುಂಬಯಿಗೆ ಸೇರಿದ ಸೀಮೆ. ಚಿತ್ರಕಲೆ ಕಲಿಯಬೇಕೆಂದವರ ಕಣ್ಣು 1857ರಲ್ಲಿ ಮುಂಬಯಿಯಲ್ಲಿ ಶುರುವಾದ ಜೆ.ಜೆ. ಕಲಾಶಾಲೆಯ ಕಡೆಗಿತ್ತು. ಧಾರವಾಡದಲ್ಲಿ ಡಿ.ವಿ. ಹಾಲಭಾವಿ, ಗದಗಿನಲ್ಲಿ ವಿಜಯ ಕಲಾಮಂದಿರದ ಟಿ.ಪಿ. ಅಕ್ಕಿ ಇಲ್ಲೇ ಶಾಲೆ ಕಟ್ಟಿ ಕಲಿಸಿದರು. ಹೀಗೆ ಯುರೋಪಿನ ತೈಲವರ್ಣದ ಪದ್ಧತಿ ನಮ್ಮ ವಾಡೆಗಳಿಗೆ, ಮಠಗಳಿಗೆ ಬಂತು. ಬಂದ ಚಿತ್ರಕ್ಕೆ ನಾವು ಮಾಲೆ ಹಾಕಿದೆವು, ಎದುರಿಗೆ ದೀಪ ಹಚ್ಚಿದೆವು. ಮರದ ರಾಳದಿಂದ ಮಾಡಿದ ಹಳೆಯ ವಾರ್ನಿಷ್ ಕಾಲ ಕಳೆದಂತೆ ತಾನಾಗಿಯೇ ಹಳದಿಯಾಗುತ್ತದೆ, ಅದರ ಮೇಲೆ ದಿನದಿನದ ಹೊಗೆ. ಕೆಲವರು ಹಬ್ಬಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬಿರುಕಿನೊಳಗೆ ನೀರು ಇಳಿದರೆ ತಳದ ಪದರ ಸಡಿಲಾಗಿ ಬಣ್ಣ ಹಕ್ಕಳೆಯಾಗಿ ಏಳುತ್ತದೆ.

ಆಮೇಲಿಂದ ನಾನು ಚೌಕಟ್ಟು ಬಿಚ್ಚದೆ ಯಾವ ಚಿತ್ರವನ್ನೂ ಒಪ್ಪಿಕೊಂಡಿಲ್ಲ. ಚೌಕಟ್ಟಿನ ಕಟ್ಟಿಗೆಯಡಿ ಅರ್ಧ ಬೆರಳಗಲದ ಅಂಚು ಮುಚ್ಚಿಕೊಂಡಿರುತ್ತದೆ. ಬೆಳಕು, ಹೊಗೆ ಅಲ್ಲಿಗೆ ಅಷ್ಟಾಗಿ ತಾಗಿರುವುದಿಲ್ಲ. ಮಾಸುವ ಬಣ್ಣಗಳು ಮೊದಲು ಹೇಗಿದ್ದವೆಂದು ತಿಳಿಯಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಮಾಸುವಿಕೆ ದೊಡ್ಡವರನ್ನೂ ಬಿಟ್ಟಿಲ್ಲ. 18ನೇ ಶತಮಾನದ ಇಂಗ್ಲೆಂಡಿನ ಜೋಶುವಾ ರೆನಾಲ್ಡ್ಸ್ ಬರೆದ ಮುಖಗಳ ಕೆಂಪು ಅವರು ಬದುಕಿರುವಾಗಲೇ ಹಾರತೊಡಗಿತ್ತು. ಇಂದು ಆ ಬಿಳಚಿದ ಕೆನ್ನೆಗಳನ್ನು ಇದ್ದಂತೆ ನಕಲು ಮಾಡುವವನು ರೆನಾಲ್ಡ್ಸ್‌ರನ್ನು ನಕಲು ಮಾಡಿದಂತಾಗುವುದಿಲ್ಲ.

ರವಿವರ್ಮರ ಚಿತ್ರ ಬೇಕೆಂದು ಕ್ಯಾಲೆಂಡರ್ ಹಿಡಿದು ಬರುವವರಿಗೂ ಇದನ್ನೇ ಹೇಳುತ್ತೇನೆ. 1894ರಲ್ಲಿ ಅವರ ಅಚ್ಚುಕೂಟ ಶುರುವಾದ ಮೇಲೆ ಮನೆಮನೆಗೆ ಹೋದದ್ದು ಕಲ್ಲಚ್ಚಿನ ಬಣ್ಣ. ಚರ್ಮದ ಬಣ್ಣವನ್ನು ಅವರು ಹೇಗೆ ಕಟ್ಟಿದ್ದಾರೆಂದು ತಿಳಿಯಬೇಕಾದರೆ ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಿ ಅಸಲಿನ ಮುಂದೆ ನಿಲ್ಲಬೇಕು.

ಬಿಳಿಯಲ್ಲೂ ಒಂದು ತೊಡಕಿದೆ. ಹಳಬರು ಬಳಸುತ್ತಿದ್ದದ್ದು ಸೀಸದ ಬಿಳಿ. ಅದು ತುಸು ಬೆಚ್ಚಗೆ, ಎಂದರೆ ಕೊಂಚ ಹಳದಿಯ ಕಡೆಗೆ; ತೆಳುವಾಗಿ ಬಳಿದರೆ ಕೆಳಗಿನ ಬಣ್ಣ ಇಣುಕುತ್ತದೆ. ಅದು ವಿಷ, ಹಾಗಾಗಿ ನಾನು ಟೈಟೇನಿಯಮ್ ಬಿಳಿ ಬಳಸುತ್ತೇನೆ. ಇದು ತಣ್ಣಗಿನ ಬಿಳಿ, ಕೆಳಗಿರುವುದನ್ನೆಲ್ಲ ಮುಚ್ಚಿಬಿಡುತ್ತದೆ. ರುಮಾಲಿನ ಮಡಿಕೆ ಬರೆಯುವಾಗ ಕೂದಲೆಳೆಯಷ್ಟು ಆಕರ್ ಸೇರಿಸದಿದ್ದರೆ ಬಟ್ಟೆ ಹೋಗಿ ಸುಣ್ಣದ ಗೋಡೆಯಾಗುತ್ತದೆ.

ಹೋದ ವರ್ಷ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರದ ಒಂದು ಮನೆಗೆ ಹೋಗಿದ್ದೆ. ಚಿತ್ರದಲ್ಲಿದ್ದ ಹಿರಿಯರ ಹಣೆಯ ನಡುವೆ ದೊಡ್ಡ ಕುಂಕುಮ. ಭೂತಗನ್ನಡಿ ಹಿಡಿದು ನೋಡಿದೆ. ಪುಡಿ ವಾರ್ನಿಷ್ ಮೇಲೆ ಕೂತಿತ್ತು, ಬಿರುಕುಗಳಲ್ಲೂ ಇಳಿದಿತ್ತು. ಅದರ ಎರಡೂ ಬದಿಯಿಂದ ಚಿತ್ರಕಾರ ಎಳೆದ ವಿಭೂತಿಯ ಮೂರು ಗೆರೆ ಹೊರಬಂದಿದ್ದವು. ಗೆರೆಗಳ ಮೇಲೆ ಕುಂಚದ ಕೂದಲಿನ ಗುರುತು ಸ್ಪಷ್ಟವಾಗಿತ್ತು. ಹಾಗಾದರೆ ಕುಂಕುಮ ಮನೆಯವರು ಹಚ್ಚಿದ್ದು.

ಈಗ ನಾನೇ ತೀರ್ಮಾನ ಮಾಡಲು ಹೋಗುವುದಿಲ್ಲ. ಮನೆಯ ಹಿರಿಯ ಅಮ್ಮನಿಗೆ ಗಾಜು ಕೊಟ್ಟು ತೋರಿಸಿ, ಚಿತ್ರಕಾರ ಬರೆದಂತೆ ಬರೆಯಲೋ, ಇಂದು ಕಾಣುವಂತೆ ಬರೆಯಲೋ ಎಂದು ಕೇಳಿದೆ. ಆಕೆ ಬಹಳ ಹೊತ್ತು ನೋಡಿದರು. 'ವಿಭೂತಿ ಬರೀರಿ. ಕುಂಕುಮ ಬರೀಬ್ಯಾಡ್ರಿ, ಅದನ್ನ ನಾ ಹಚ್ಚತೀನಿ' ಎಂದರು.

ಮಳೆಗಾಲದಲ್ಲಿ ಎಣ್ಣೆ ಬಣ್ಣ ಒಣಗುವುದು ನಿಧಾನ. ಪ್ರತಿ ಮುಗಿಸಿದ ಮೇಲೆ ಆರು ತಿಂಗಳು ಕಾದು, ಬ್ಯಾಡಗಿಗೆ ಹೋಗಿ ಅವರ ಪಡಸಾಲೆಯಲ್ಲೇ ವಾರ್ನಿಷ್ ಬಳಿದು, ಅದು ಪೂರ್ತಿ ಒಣಗುವ ತನಕ ಮುಟ್ಟಬೇಡಿರೆಂದು ಹೇಳಿದೆ. ಅಮ್ಮ ಕುಂಕುಮದ ಬಟ್ಟಲನ್ನು ಚಿತ್ರದ ಕೆಳಗಿನ ಗೂಡಿನಲ್ಲಿ ತಂದಿಟ್ಟು, 'ಎಷ್ಟು ದಿನ ಹೇಳ್ರಿ, ಎಣಸ್ತೀನಿ' ಎಂದರು.