ಗೌರಿ ಎಂದರೆ ಬರೀ ಬಿಳುಪಲ್ಲ

ಮಗು ಕಪ್ಪಗಿದ್ದರೆ ಗೌರಿ ಎಂದು ಹೆಸರಿಡಲು ಹಿಂದೇಟು ಹಾಕುವವರಿದ್ದಾರೆ. ಆ ಅಳುಕು ಬೇಡ. ಸಂಸ್ಕೃತದ ‘ಗೌರ’ಕ್ಕೆ ಬಿಳುಪಷ್ಟೇ ಅಲ್ಲ, ಹಳದಿ, ನಸುಗೆಂಪು ಎಂಬ ಅರ್ಥಗಳೂ ಇವೆ. ನಮ್ಮಲ್ಲಿ ಗೌರಿಯ ಬಣ್ಣ ಯಾವುದು ಎಂಬುದು ಭಾದ್ರಪದ ಶುದ್ಧ ತದಿಗೆಯ ದಿನ ಮಂಟಪದಲ್ಲೇ ಕಾಣುತ್ತದೆ. ಅರಿಸಿನದ ಪುಡಿಗೆ ಹನಿಹನಿಯಾಗಿ ನೀರು ಬಿಟ್ಟು ಕಲಸಿ, ಗೋಪುರದ ಹಾಗೆ ಒತ್ತಿ ನಿಲ್ಲಿಸುತ್ತಾರಲ್ಲ, ಅದೇ ಅರಿಸಿನದ ಗೌರಿ. ನೀರು ತುಸು ಹೆಚ್ಚಾದರೆ ತುದಿ ಕುಸಿಯುತ್ತದೆ, ಕಡಿಮೆಯಾದರೆ ಒಣಗುತ್ತಲೇ ಬಿರುಕು ಬಿಡುತ್ತದೆ. ಹಿಟ್ಟು ಬೆರಳಿಗಂಟದೆ ಮುಷ್ಟಿಯಲ್ಲಿ ಉಂಡೆಯಾಗಿ ನಿಂತರೆ ಹದ ಸರಿಯಾಗಿದೆ.

ದೇವಿಯ ಹೆಸರಾಗುವ ಮೊದಲೇ ಈ ಪದ ಋಗ್ವೇದದಲ್ಲಿದೆ. ಒಂದನೇ ಮಂಡಲದ 164ನೇ ಸೂಕ್ತದಲ್ಲಿ ನೀರನ್ನು ರೂಪಿಸುತ್ತ ಕೂಗುವ ‘ಗೌರೀ’ ಒಂದು ಹೆಣ್ಣು ಪ್ರಾಣಿ, ಕಾಡುಕೋಣದ ಜಾತಿಯದು. ಅದನ್ನೇ ವಾಕ್ಕು, ಅಂದರೆ ಮಾತು, ಎಂದೂ ಅರ್ಥೈಸಿದ್ದಾರೆ. ಮೈಬಣ್ಣದ ಲೆಕ್ಕಕ್ಕಿಂತ ಎಷ್ಟು ದೊಡ್ಡ ಅರ್ಥ!

ಕನ್ನಡಕ್ಕೆ ಬಂದಾಗ ಕೊನೆಯ ದೀರ್ಘ ಹ್ರಸ್ವವಾಯಿತು. ಗೌರಿಯ, ಗೌರಿಗೆ, ಗೌರಿಯಿಂದ ಎಂದು ವಿಭಕ್ತಿಗಳು ಸಲೀಸಾಗಿ ಕೂಡಿಕೊಳ್ಳುತ್ತವೆ. ದೂರದಿಂದ ಕರೆಯುವಾಗ ಮಾತ್ರ ಆ ದೀರ್ಘ ‘ಗೌರೀ’ ಎಂದು ಮರಳುತ್ತದೆ. ಹಳೆಯ ಮೈಸೂರಿನ ಕಡೆ ಗೌರಮ್ಮ, ಉತ್ತರ ಕರ್ನಾಟಕದಲ್ಲಿ ಗೌರವ್ವ. ಅಲ್ಲಿ ಕಾರ್ತಿಕದ ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಬೆಳಗಿದರೆ, ಇಲ್ಲಿ ಬೆಂಗಳೂರಿನ ಗಾಂಧಿ ಬಜಾರಿನಲ್ಲಿ ಬಾಗಿನದ ಮೊರಗಳ ರಾಶಿ. ವರ್ಷಕ್ಕೊಮ್ಮೆ ಹಬ್ಬವೇ ಕರೆಯುವ ಹೆಸರು ಮರೆಯಾಗುವುದಾದರೂ ಹೇಗೆ? ಕೊಡಗಂತೂ ಇಬ್ಬರು ಗೌರಮ್ಮರನ್ನು ಕೊಟ್ಟಿದೆ: ಚಿಕ್ಕವೀರರಾಜೇಂದ್ರನ ಮಗಳು ರಾಜಕುಮಾರಿ ಗೌರಮ್ಮ, ಮತ್ತು 1939ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಕತೆಗಾರ್ತಿ ಕೊಡಗಿನ ಗೌರಮ್ಮ. ಈಗ ‘ಅಮ್ಮ’ ಉದುರಿ ಬರೀ ಗೌರಿ ಉಳಿದಿದೆ.

ಇನ್ನು ಜನನ ಪ್ರಮಾಣಪತ್ರ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು. ಹೆಸರು ಆಮೇಲೆ ಸೇರಿಸಬಹುದು. 12 ತಿಂಗಳವರೆಗೆ ಅದಕ್ಕೆ ಶುಲ್ಕವಿಲ್ಲ, ನಂತರ 15 ವರ್ಷದವರೆಗೆ ತಡ ಶುಲ್ಕ ಕಟ್ಟಬೇಕು. ತೊಡಕಾಗುವುದು ಇಂಗ್ಲಿಷ್ ಕಾಗುಣಿತ. ಬೆಂಗಳೂರಿನಲ್ಲಿ ಜಿ-ಓ-ಡಬ್ಲ್ಯೂ ಎಂದೂ ಬರೆಯುತ್ತಾರೆ, ಜಿ-ಎ-ಯು ಎಂದೂ ಬರೆಯುತ್ತಾರೆ. ಎರಡೂ ಸರಿಯೇ, ಆದರೆ ಆಧಾರ್‌ನಲ್ಲಿ ಒಂದು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಇದ್ದರೆ ಪಾಸ್‌ಪೋರ್ಟ್ ಹೊತ್ತಿಗೆ ಓಡಾಟ ತಪ್ಪಿದ್ದಲ್ಲ. ಓ ಆದ ಮೇಲಿನ ಡಬ್ಲ್ಯೂ ಬಿಟ್ಟುಹೋದರಂತೂ ಕನ್ನಡದಲ್ಲಿ ಅದು ‘ಗೋರಿ’ ಆಗಿಬಿಡುತ್ತದೆ. ಪ್ರಮಾಣಪತ್ರ ಕೈಗೆ ಬಂದ ಕೂಡಲೇ, ಕೌಂಟರ್ ಬಿಡುವ ಮೊದಲು, ಎರಡೂ ಲಿಪಿಯಲ್ಲಿ ಒಂದೊಂದು ಅಕ್ಷರವನ್ನೂ ಓದಿ ನೋಡಿ.